ಬಾಕಿ ತೀರಿದ ವರ್ಷ: ಬ್ರಿಟನ್ನಿನ ಕ್ರೀಡೆಯಲ್ಲಿ 2012

2012ನೇ ಇಸವಿ ಬ್ರಿಟನ್ನಿನ ಕ್ರೀಡಾಭಿಮಾನಿಗಳಿಗೆ ಹಳೆಯ ಬಾಕಿಗಳು ಒಂದರ ಬೆನ್ನಿಗೊಂದು ತೀರಿದ ವರ್ಷ. 44 ವರ್ಷ ಲೀಗ್ ಪ್ರಶಸ್ತಿಯ ಮುಖ ಕಾಣದಿದ್ದ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಅದು ದಕ್ಕಿತು. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಮೊದಲ ಬಾರಿಗೆ ಬ್ರಿಟಿಷರೊಬ್ಬರು ಗೆದ್ದರು. ಪುರುಷರ ಟೆನಿಸ್‌ನಲ್ಲಿ 76 ವರ್ಷಗಳ ಬರ ಹಿಂಗಿತು. 1863ರಲ್ಲಿ ಫುಟ್‌ಬಾಲ್‌ಗೆ ನಿಯಮ ಬರೆದುಕೊಟ್ಟ, 1877ರಲ್ಲಿ ವಿಂಬಲ್ಡನ್ ಟೂರ್ನಿ ಆರಂಭಿಸಿದ ನಾಡು, ಗೆಲ್ಲುವ ಕೆಲಸವನ್ನು ಮಾತ್ರ ಬಹುಕಾಲ ಪರದೇಶದವರಿಗೆ ಒಪ್ಪಿಸಿಬಿಟ್ಟಿತ್ತು. ಅಲ್ಲಿನ ಅಭಿಮಾನಿಗೆ ಸೋಲು ಹೊಸದಲ್ಲ. ಸೋತ ಕಥೆಯನ್ನು ನಗುತ್ತ ಹೇಳುವುದೇ ಒಂದು ಕಲೆಯಾಗಿ ಬೆಳೆದಿತ್ತು. ಆ ವರ್ಷ ಆ ಕಲೆಗೆ ಹೆಚ್ಚು ಕೆಲಸವಿರಲಿಲ್ಲ.

ಈ ಗೆಲುವುಗಳಲ್ಲಿ ಕೆಲವಕ್ಕಾದರೂ ಬೇರು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದು ಒಂದೇ ಒಂದು ಚಿನ್ನ, ಅದೂ ದೋಣಿ ಸ್ಪರ್ಧೆಯಲ್ಲಿ ಸ್ಟೀವ್ ರೆಡ್‌ಗ್ರೇವ್ ಮತ್ತು ಮ್ಯಾಥ್ಯೂ ಪಿನ್ಸೆಂಟ್ ಜೋಡಿಯಿಂದ. ಪದಕ ಪಟ್ಟಿಯಲ್ಲಿ 36ನೇ ಸ್ಥಾನ. ಆ ಅವಮಾನದ ನಂತರ, 1994ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಲಾಟರಿಯ ಹಣದ ಒಂದು ಪಾಲು 1997ರಿಂದ ನೇರವಾಗಿ ಉನ್ನತ ಮಟ್ಟದ ಕ್ರೀಡಾಪಟುಗಳ ತರಬೇತಿಗೆ ಹರಿಯತೊಡಗಿತು. ಫಲ ಬೇಗನೆ ಕಂಡಿತು: ಸಿಡ್ನಿಯಲ್ಲಿ 11 ಚಿನ್ನ, ಅಥೆನ್ಸ್‌ನಲ್ಲಿ 9, ಬೀಜಿಂಗ್‌ನಲ್ಲಿ 19. ಈ ವ್ಯವಸ್ಥೆಗೆ ಕರುಣೆ ಕಡಿಮೆ. ಪದಕ ತರುವ ಆಟಕ್ಕೆ ಹಣ, ತರದ ಆಟಕ್ಕೆ ನಮಸ್ಕಾರ. ಸೈಕ್ಲಿಂಗ್ ಮತ್ತು ರೋಯಿಂಗ್ ಕೊಬ್ಬಿದವು. 2012ರ ಡಿಸೆಂಬರ್‌ನಲ್ಲಿ, ಒಲಿಂಪಿಕ್ಸ್ ಸಂಭ್ರಮ ಆರುವ ಮೊದಲೇ, ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ಟೇಬಲ್ ಟೆನಿಸ್‌ಗಳ ಅನುದಾನ ನಿಂತಿತು.

ಒಲಿಂಪಿಕ್ಸ್ ಲಂಡನ್ನಿಗೆ ಬಂದದ್ದು 2005ರ ಜುಲೈ 6ರಂದು. ಸಿಂಗಪುರದಲ್ಲಿ ನಡೆದ ಮತದಾನದಲ್ಲಿ ಪ್ಯಾರಿಸ್ 50 ಮತ ಪಡೆದರೆ ಲಂಡನ್ 54 ಪಡೆಯಿತು. ಊರು ಕುಣಿದದ್ದು ಒಂದೇ ರಾತ್ರಿ. ಮರುದಿನ ಬೆಳಗ್ಗೆ ಮೂರು ಸುರಂಗ ರೈಲುಗಳಲ್ಲಿ, ಒಂದು ಬಸ್ಸಿನಲ್ಲಿ ಬಾಂಬುಗಳು ಸಿಡಿದು 52 ಮಂದಿ ಸತ್ತರು. ಏಳು ವರ್ಷಗಳ ನಂತರದ ಕ್ರೀಡಾಕೂಟ ಲಂಡನ್ನಿಗರ ಪಾಲಿಗೆ ಬರೀ ಕ್ರೀಡಾಕೂಟವಾಗಿ ಉಳಿಯದಿದ್ದುದಕ್ಕೆ ಇದೂ ಒಂದು ಕಾರಣ.

ವರ್ಷದ ಮೊದಲ ನೆನಪು ಗೆಲುವಿನದಲ್ಲ. ಮಾರ್ಚ್ 17ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಎಫ್‌ಎ ಕಪ್ ಪಂದ್ಯ ನಡೆಯುತ್ತಿದ್ದಾಗ ಬೋಲ್ಟನ್ ತಂಡದ 23 ವರ್ಷದ ಫಾಬ್ರಿಸ್ ಮುವಾಂಬಾ ಕುಸಿದು ಬಿದ್ದರು. 78 ನಿಮಿಷ ಅವರ ಹೃದಯ ತಾನಾಗಿ ಬಡಿಯಲಿಲ್ಲ. ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞರೊಬ್ಬರು ಪ್ರೇಕ್ಷಕರ ಸಾಲಿನಿಂದ ಇಳಿದು ಬಂದು ನೆರವಾದರು. ಮುವಾಂಬಾ ಬದುಕಿದರು, ಆಟಕ್ಕೆ ಮಾತ್ರ ಮರಳಲಿಲ್ಲ.

ಅವರ ಬೋಲ್ಟನ್ ತಂಡಕ್ಕೂ ಮ್ಯಾಂಚೆಸ್ಟರ್ ಸಿಟಿಯ ಕಥೆಗೂ ಮೇ 13ರಂದು, ಲೀಗ್‌ನ ಕೊನೆಯ ದಿನ, ವಿಚಿತ್ರವಾದ ಗಂಟು ಬಿತ್ತು. ಆ ದಿನ ಬೆಳಗ್ಗೆ ಸಿಟಿ ಮತ್ತು ಅದರ ನೆರೆಯ ಮ್ಯಾಂಚೆಸ್ಟರ್ ಯುನೈಟೆಡ್ ತಂಡಗಳ ಅಂಕ ಸಮ. ಗೋಲು ವ್ಯತ್ಯಾಸದಲ್ಲಿ ಮಾತ್ರ ಸಿಟಿ ಮುಂದೆ. ಮನೆಯಂಗಳದಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎಂಬ ಬಡ ತಂಡವನ್ನು ಸೋಲಿಸಿದರೆ ಪ್ರಶಸ್ತಿ ಕೈಯಲ್ಲಿ. 90 ನಿಮಿಷ ಮುಗಿದಾಗ ಆ ಬಡ ತಂಡ 2–1ರಿಂದ ಮುಂದಿತ್ತು, ಅದೂ ಹತ್ತೇ ಆಟಗಾರರೊಂದಿಗೆ. ಅತ್ತ ಸಂಡರ್‌ಲೆಂಡ್‌ನಲ್ಲಿ ಯುನೈಟೆಡ್ ಗೆಲ್ಲುತ್ತಿತ್ತು. ಸಿಟಿ ಅಭಿಮಾನಿಗಳಲ್ಲಿ ಕೆಲವರು ಅಳುತ್ತ ಎದ್ದು ಹೊರಟೇಬಿಟ್ಟರು. ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲಿ ಎಡಿನ್ ಜೆಕೊ ತಲೆಯಿಂದ ಚೆಂಡು ಸೇರಿಸಿದರು. ಗಡಿಯಾರ 93 ನಿಮಿಷ 20 ಸೆಕೆಂಡು ತೋರಿಸುವಾಗ ಸೆರ್ಗಿಯೊ ಅಗುವೆರೊ ಮೂರನೇ ಗೋಲು ಹೊಡೆದರು. ಬೋಲ್ಟನ್ ತನ್ನ ಪಂದ್ಯವನ್ನು ಗೆಲ್ಲಲಾಗದೆ ಡ್ರಾ ಮಾಡಿಕೊಂಡಿದ್ದರಿಂದ, ಸೋತ ರೇಂಜರ್ಸ್ ಒಂದೇ ಅಂಕದಿಂದ ಅಗ್ರ ದರ್ಜೆಯಲ್ಲಿ ಉಳಿದುಕೊಂಡಿತು. ಕೆಳಗಿನ ದರ್ಜೆಗೆ ಇಳಿದದ್ದು ಬೋಲ್ಟನ್. 1968ರ ನಂತರ ಸಿಟಿಗೆ ಇದೇ ಮೊದಲ ಲೀಗ್ ಪ್ರಶಸ್ತಿ. 1998–99ರಲ್ಲಿ ಮೂರನೇ ದರ್ಜೆಯಲ್ಲಿ ಆಡಿದ್ದ ಕ್ಲಬ್ ಇದು. 2008ರಲ್ಲಿ ಅದನ್ನು ಕೊಂಡ ಅಬುಧಾಬಿಯ ಶೇಖ್ ಮನ್ಸೂರ್ ಅವರ ಹಣವಿಲ್ಲದೆ ಆ ಗೋಲೂ ಇಲ್ಲ. ಕಾದದ್ದು ಮ್ಯಾಂಚೆಸ್ಟರಿನ ಜನ, ಕಾಸು ಕೊಲ್ಲಿಯದು.

ಆರು ದಿನಗಳ ನಂತರ ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಬಯೆರ್ನ್ ಮ್ಯೂನಿಕ್ ತನ್ನದೇ ಮೈದಾನದಲ್ಲಿ ಲಂಡನ್ನಿನ ಚೆಲ್ಸಿಯನ್ನು ಎದುರಿಸಿತು. 83ನೇ ನಿಮಿಷದಲ್ಲಿ ಥಾಮಸ್ ಮುಲ್ಲರ್ ಗೋಲು, 88ರಲ್ಲಿ ದಿದಿಯೆ ದ್ರೋಗ್ಬಾ ಅವರಿಂದ ಉತ್ತರ. ಹೆಚ್ಚುವರಿ ಆಟದಲ್ಲಿ ಆರ್ಯೆನ್ ರೊಬ್ಬೆನ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಪೀಟರ್ ಚೆಕ್ ತಡೆದರು. ಪೆನಾಲ್ಟಿ ಶೂಟೌಟ್‌ನಲ್ಲಿ ಚೆಲ್ಸಿಗೆ ಗೆಲುವು ತಂದ ಕೊನೆಯ ಒದೆತವೂ ದ್ರೋಗ್ಬಾ ಅವರದೇ. ಯುರೋಪಿನ ಈ ಕಪ್ 1955ರಲ್ಲಿ ಹುಟ್ಟಿದ್ದು. ಅಲ್ಲಿಯವರೆಗೆ ಲಂಡನ್ನಿನ ಯಾವ ಕ್ಲಬ್ಬಿಗೂ ಅದು ಸಿಕ್ಕಿರಲಿಲ್ಲ. ಲೀಗ್‌ನಲ್ಲಿ ಆರನೇ ಸ್ಥಾನಕ್ಕೆ ಕುಸಿದಿದ್ದ ತಂಡ, ಮಾರ್ಚ್‌ನಲ್ಲಷ್ಟೇ ತಾತ್ಕಾಲಿಕವಾಗಿ ಹೊಣೆ ಹೊತ್ತ ರಾಬರ್ಟೊ ಡಿ ಮಟ್ಟಿಯೊ ಕೈಯಲ್ಲಿ ಇಷ್ಟು ಸಾಧಿಸಿತು. ಆರು ತಿಂಗಳಿಗೆ ಅದೇ ಕ್ಲಬ್ ಅವರನ್ನು ಮನೆಗೆ ಕಳಿಸಿತು.

ಪೋಲೆಂಡ್ ಮತ್ತು ಉಕ್ರೇನ್‌ನಲ್ಲಿ ನಡೆದ ಯೂರೋ ಕಪ್‌ನಲ್ಲಿ ಹಳೆಯ ಹಾಡೇ ಮುಂದುವರಿಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಇಟಲಿಗೆ ಪೆನಾಲ್ಟಿಗಳಲ್ಲಿ ಸೋತಿತು. ಫೈನಲ್‌ನಲ್ಲಿ ಸ್ಪೇನ್ ಆ ಇಟಲಿಯನ್ನೂ 4–0 ಗೋಲುಗಳಿಂದ ಬಗ್ಗುಬಡಿಯಿತು.

ಜುಲೈ ಸೈಕಲ್ಲಿನದು. ಟೂರ್ ಡಿ ಫ್ರಾನ್ಸ್‌ನಲ್ಲಿ ಒಟ್ಟಾರೆ ಮುಂದಿರುವವರು ತೊಡುವ ಹಳದಿ ಅಂಗಿಯನ್ನು ಮೊದಲು ತೊಟ್ಟ ಬ್ರಿಟಿಷ್ ಸವಾರ ಟಾಮ್ ಸಿಂಪ್ಸನ್, 1962ರಲ್ಲಿ. ಐದು ವರ್ಷಗಳ ನಂತರ ಅದೇ ಸ್ಪರ್ಧೆಯಲ್ಲಿ, ಮೌಂಟ್ ವಾಂಟೂ ಬೆಟ್ಟವನ್ನು ಬಿಸಿಲಿನಲ್ಲಿ ಏರುವಾಗ ಬಿದ್ದು ಪ್ರಾಣ ಬಿಟ್ಟರು. ಸಿಂಪ್ಸನ್ ಅಂಗಿ ತೊಟ್ಟು ಸರಿಯಾಗಿ 50 ವರ್ಷಕ್ಕೆ ಬ್ರಾಡ್ಲಿ ವಿಗಿನ್ಸ್ ಅದನ್ನು ಪ್ಯಾರಿಸ್‌ವರೆಗೆ ಉಳಿಸಿಕೊಂಡರು. ಬೆಲ್ಜಿಯಂನ ಗೆಂಟ್‌ನಲ್ಲಿ ಹುಟ್ಟಿ ಲಂಡನ್ನಿನ ಕಿಲ್ಬರ್ನ್‌ನಲ್ಲಿ ಬೆಳೆದವರು, ಟ್ರ್ಯಾಕ್ ಸೈಕ್ಲಿಂಗ್‌ನಿಂದ ರಸ್ತೆಗೆ ಬಂದವರು. ಅವರಿಗಿಂತ 3 ನಿಮಿಷ 21 ಸೆಕೆಂಡು ಹಿಂದಿದ್ದು ಎರಡನೆಯವರಾದದ್ದು ಅವರದೇ ತಂಡದ ಕ್ರಿಸ್ ಫ್ರೂಮ್. ಜುಲೈ 22ರ ಕೊನೆಯ ಹಂತದಲ್ಲಿ ಒಂದು ಅಪರೂಪದ ನೋಟ ಕಂಡಿತು. ಹಳದಿ ಅಂಗಿಯವನು ಸಾಮಾನ್ಯವಾಗಿ ಆ ದಿನ ಆರಾಮವಾಗಿ ಬರುತ್ತಾನೆ. ವಿಗಿನ್ಸ್ ಮಾತ್ರ ಶಾಂಜ್ ಎಲಿಜೆ ಬೀದಿಯಲ್ಲಿ ಗುಂಪಿನ ಮುಂದೆ ನಿಂತು, ಗಾಳಿಗೆ ಎದೆಯೊಡ್ಡಿ, ಜತೆಗಾರ ಮಾರ್ಕ್ ಕ್ಯಾವೆಂಡಿಶ್ ಅವರನ್ನು ಗುರಿಯ ಹತ್ತಿರಕ್ಕೆ ಎಳೆದು ತಂದರು. ಕ್ಯಾವೆಂಡಿಶ್ ಆ ಹಂತವನ್ನು ಗೆದ್ದರು. ಹತ್ತು ದಿನಗಳ ನಂತರ ವಿಗಿನ್ಸ್ ಒಲಿಂಪಿಕ್ ಚಿನ್ನವನ್ನೂ ಕೊರಳಿಗೆ ಹಾಕಿಕೊಂಡರು.

ಆದರೆ ಆ ವರ್ಷ ಸೈಕಲ್ ಸ್ಪರ್ಧೆಯ ಮೇಲೆ ಬಿದ್ದ ನೆರಳು ಚಿಕ್ಕದಲ್ಲ. ಅಕ್ಟೋಬರ್ 22ರಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಉದ್ದೀಪನ ಮದ್ದಿನ ಕಾರಣಕ್ಕೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಪ್ರಶಸ್ತಿಗಳನ್ನು ಕಿತ್ತುಕೊಂಡಿತು. ವಿಗಿನ್ಸ್ ಅವರ ತಂಡವಾದ ಸ್ಕೈ ಕೂಡ ಪ್ರಶ್ನೆಗಳಿಂದ ಪಾರಾಗಲಿಲ್ಲ. ನಿಯಮ ಅನುಮತಿಸಿದ ಔಷಧಿಯನ್ನೇ ಬಳಸಿ ತಂಡ ನೈತಿಕತೆಯ ಗೆರೆ ದಾಟಿತೆಂದು 2018ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಬರೆಯಿತು. ತಂಡವೂ ವಿಗಿನ್ಸ್ ಅವರೂ ಆರೋಪವನ್ನು ನಿರಾಕರಿಸಿದರು.

ವಿಂಬಲ್ಡನ್ ಪುರುಷರ ಫೈನಲ್‌ಗೆ ಬ್ರಿಟಿಷ್ ಆಟಗಾರ ಬಂದದ್ದು 1938ರ ಬನ್ನಿ ಆಸ್ಟಿನ್ ನಂತರ ಆ ವರ್ಷವೇ. ಜುಲೈ 8ರಂದು ಸ್ಕಾಟ್ಲೆಂಡಿನ ಆ್ಯಂಡಿ ಮರ್ರೆ ಮೊದಲ ಸೆಟ್ ಗೆದ್ದು, ಮುಂದಿನ ಮೂರನ್ನು ರೋಜರ್ ಫೆಡರರ್‌ಗೆ ಒಪ್ಪಿಸಿದರು. ಮೈಕಿನ ಮುಂದೆ ಅತ್ತರು. ಮುಖ ಗಂಟಿಕ್ಕಿಕೊಂಡ ಹುಡುಗ ಎಂದು ದೂರ ಇಟ್ಟಿದ್ದ ಇಂಗ್ಲಿಷರಿಗೆ ಅವರು ಆಪ್ತರಾದದ್ದು ಆ ಅಳುವಿನಿಂದ. ನಾಲ್ಕು ವಾರ ಕಳೆದು ಅದೇ ಅಂಕಣದಲ್ಲಿ ಒಲಿಂಪಿಕ್ ಫೈನಲ್. ಮರ್ರೆ ಅದೇ ಫೆಡರರ್ ವಿರುದ್ಧ 6–2, 6–1, 6–4ರಿಂದ ಗೆದ್ದರು.

ಲಂಡನ್ ಒಲಿಂಪಿಕ್ಸ್ ಜುಲೈ 27ರಿಂದ ಆಗಸ್ಟ್ 12ರವರೆಗೆ ನಡೆಯಿತು. ಮೊದಲ ನಾಲ್ಕು ದಿನ ಆತಿಥೇಯರಿಗೆ ಚಿನ್ನವಿಲ್ಲ. ಪತ್ರಿಕೆಗಳು ಗೊಣಗಲು ಶುರುಮಾಡಿದ್ದವು. ಆಗಸ್ಟ್ 1ರಂದು ಹೆಲೆನ್ ಗ್ಲೋವರ್ ಮತ್ತು ಹೆದರ್ ಸ್ಟ್ಯಾನಿಂಗ್ ದೋಣಿ ಸ್ಪರ್ಧೆಯಲ್ಲಿ ಖಾತೆ ತೆರೆದರು. ಆಗಸ್ಟ್ 4ರ ಶನಿವಾರ ಒಂದೇ ದಿನ ಆರು ಚಿನ್ನ: ದೋಣಿಯಲ್ಲಿ ಎರಡು, ಸೈಕಲ್ಲಿನಲ್ಲಿ ಒಂದು, ಸಂಜೆ ಮುಖ್ಯ ಕ್ರೀಡಾಂಗಣದಲ್ಲಿ ಮುಕ್ಕಾಲು ಗಂಟೆಯೊಳಗೆ ಮೂರು. ಹೆಪ್ಟಥ್ಲಾನ್‌ನಲ್ಲಿ ಜೆಸ್ಸಿಕಾ ಎನ್ನಿಸ್, ಉದ್ದ ಜಿಗಿತದಲ್ಲಿ ಗ್ರೆಗ್ ರುದರ್‌ಫರ್ಡ್, 10,000 ಮೀಟರ್ ಓಟದಲ್ಲಿ ಮೊ ಫರಾ. ಶೆಫೀಲ್ಡ್‌ನಲ್ಲಿ ಹುಟ್ಟಿದ ಎನ್ನಿಸ್ ಅವರ ತಂದೆ ಜಮೈಕಾದಿಂದ ಬಂದವರು. ಫರಾ ಬಾಲ್ಯದಲ್ಲಿ ಸೊಮಾಲಿ ನೆಲದಿಂದ ಬಂದವರು. ತನ್ನನ್ನು ಬೇರೊಂದು ಮಗುವಿನ ಹೆಸರಿನಲ್ಲಿ ಅಕ್ರಮವಾಗಿ ಸಾಗಿಸಿ ತರಲಾಗಿತ್ತೆಂದು ಫರಾ 2022ರಲ್ಲಿ ಬಹಿರಂಗಪಡಿಸಿದರು. ಕೂಟ ಮುಗಿದಾಗ ಬ್ರಿಟನ್ 29 ಚಿನ್ನಗಳೊಂದಿಗೆ ಮೂರನೇ ಸ್ಥಾನದಲ್ಲಿತ್ತು.

ಮಹಿಳೆಯರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಸೇರಿದ್ದು ಲಂಡನ್ನಿನಲ್ಲೇ. ಅದರ ಮೊದಲ ಚಿನ್ನ ಲೀಡ್ಸ್‌ನ ನಿಕೋಲಾ ಆ್ಯಡಮ್ಸ್ ಪಾಲಾಯಿತು. ಸೆಮಿಫೈನಲ್‌ನಲ್ಲಿ ಅವರಿಗೆ ಸೋತು ಕಂಚು ತಂದವರು ಭಾರತದ ಮೇರಿ ಕೋಮ್. ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ ಅವರು ಜ್ವಾಲಾ ಗುಟ್ಟಾ ಜತೆ ಆಡಿದ ಬ್ಯಾಡ್ಮಿಂಟನ್ ಡಬಲ್ಸ್‌ನ ಕಥೆ ಕಹಿಯಾದದ್ದು. ಕೊನೆಯ ಗುಂಪು ಪಂದ್ಯ ಗೆದ್ದರೂ ಅಂಕಗಳ ಲೆಕ್ಕದಲ್ಲಿ ಕೂದಲೆಳೆಯಷ್ಟು ಹಿಂದೆ ಬಿದ್ದು ಕ್ವಾರ್ಟರ್ ಫೈನಲ್ ತಪ್ಪಿತು. ಅದೇ ವಿಭಾಗದ ಬೇರೆ ಗುಂಪುಗಳಲ್ಲಿ ಬೇಕೆಂದೇ ಸೋಲಲು ಆಡಿದ ನಾಲ್ಕು ಜೋಡಿಗಳನ್ನು ಮರುದಿನ ಹೊರಗಟ್ಟಲಾಯಿತು.

ಪ್ಯಾರಾಲಿಂಪಿಕ್ಸ್‌ಗೆ ಲಂಡನ್ ಕೂಟವೆಂದರೆ ತವರಿಗೆ ಬಂದ ಹಾಗೆ. 1948ರ ಜುಲೈ 29ರಂದು, ಲಂಡನ್ನಿನ ಹಿಂದಿನ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಬಕಿಂಗ್‌ಹ್ಯಾಂಶೈರ್‌ನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರು ಸೇರಿದಂತೆ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದಿದ್ದರು. ಅದನ್ನು ನಡೆಸಿದವರು ನಾಜಿಗಳಿಂದ ತಪ್ಪಿಸಿಕೊಂಡು ಬಂದ ಜರ್ಮನ್ ಯಹೂದಿ ವೈದ್ಯ ಲುಡ್‌ವಿಗ್ ಗುಟ್‌ಮನ್. ಬೆನ್ನುಹುರಿಗೆ ಪೆಟ್ಟು ಬಿದ್ದವರು ಹಾಸಿಗೆಯಲ್ಲೇ ಕೊಳೆಯಬೇಕೆಂಬ ಆಗಿನ ವೈದ್ಯಲೋಕದ ನಂಬಿಕೆಯನ್ನು ಅವರು ಆಟದಿಂದ ಮುರಿದರು. 64 ವರ್ಷಗಳ ನಂತರ 27 ಲಕ್ಷ ಟಿಕೆಟ್‌ಗಳು ಖರ್ಚಾದವು. ಒಲಿಂಪಿಕ್ಸ್‌ನ ಬಾಲಂಗೋಚಿಯಂತಿದ್ದ ಈ ಕೂಟವನ್ನು ಜನ ಅದರದೇ ಸಲುವಾಗಿ ನೋಡಿದ್ದು ಆಗಲೇ. ಭಾರತಕ್ಕೆ ಅಲ್ಲಿ ಸಿಕ್ಕ ಏಕೈಕ ಪದಕ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದು. ಎತ್ತರ ಜಿಗಿತದಲ್ಲಿ ಅವರು ದಾಟಿದ್ದು 1.74 ಮೀಟರ್. ಚಿನ್ನ ಗೆದ್ದ ಫಿಜಿಯ ಸ್ಪರ್ಧಿ ದಾಟಿದ್ದೂ ಅಷ್ಟೇ. ಹೆಚ್ಚು ಪ್ರಯತ್ನ ತೆಗೆದುಕೊಂಡ ಲೆಕ್ಕದಲ್ಲಿ ಗಿರೀಶ ಅವರಿಗೆ ಬೆಳ್ಳಿ.

ಸೆಪ್ಟೆಂಬರ್ 10ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಯುಎಸ್ ಓಪನ್ ಫೈನಲ್‌ನಲ್ಲಿ ಮರ್ರೆ 4 ಗಂಟೆ 54 ನಿಮಿಷ ಆಡಿ ನೊವಾಕ್ ಜೊಕೊವಿಚ್ ಅವರನ್ನು ಸೋಲಿಸಿದರು. 1936ರ ಫ್ರೆಡ್ ಪೆರ್ರಿ ನಂತರ ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಗೆದ್ದ ಮೊದಲ ಬ್ರಿಟಿಷ್ ಪುರುಷ. ತೂಕದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಬಂದದ್ದು ಸೆಪ್ಟೆಂಬರ್ 12ರಂದು, ಆಟದ ಅಂಕಣದಿಂದಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್‌ನ 96 ಅಭಿಮಾನಿಗಳು ಸತ್ತಿದ್ದರು. ಕುಡಿದ ಅಭಿಮಾನಿಗಳೇ ಕಾರಣವೆಂಬ ಕಥೆಯನ್ನು ಪೊಲೀಸರು ಕಟ್ಟಿದ್ದರು, ಪತ್ರಿಕೆಯೊಂದು ಅದನ್ನು ಮುಖಪುಟದಲ್ಲಿ ಹೊತ್ತಿತ್ತು. ಸ್ವತಂತ್ರ ಸಮಿತಿಯೊಂದರ ವರದಿ ಆ ಕಥೆಯನ್ನು ಬುಡಮೇಲು ಮಾಡಿತು: 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತು, ಸತ್ತವರಲ್ಲಿ 41 ಮಂದಿಗೆ ಬದುಕುವ ಸಾಧ್ಯತೆ ಇತ್ತು. ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಉಳಿದ ಕಾಯುವಿಕೆಗಳು ಆಟದವು. ಇದು ಮಕ್ಕಳನ್ನು ಕಳೆದುಕೊಂಡ ತಾಯಂದಿರದು.

ಸೆಪ್ಟೆಂಬರ್ 30ರಂದು ಅಮೆರಿಕದ ಮೆಡೈನಾದಲ್ಲಿ ರೈಡರ್ ಕಪ್ ಗಾಲ್ಫ್. ಆತಿಥೇಯರ ಎದುರು 10–6ರಿಂದ ಹಿಂದಿದ್ದ ಯುರೋಪ್ ತಂಡ ಕೊನೆಯ ದಿನದ 12 ಪಂದ್ಯಗಳಲ್ಲಿ ಎಂಟೂವರೆ ಅಂಕ ಬಾಚಿಕೊಂಡು ಗೆದ್ದಿತು. ನಾಯಕ ಸ್ಪೇನಿನ ಒಲಾಸಾಬಾಲ್ ಅದನ್ನು ಹಿಂದಿನ ವರ್ಷ ತೀರಿಕೊಂಡ ಗೆಳೆಯ ಸೆವೆ ಬ್ಯಾಲೆಸ್ಟೆರೋಸ್‌ಗೆ ಅರ್ಪಿಸಿದರು. ಅಕ್ಟೋಬರ್ 20ರಂದು ಆಸ್ಕಾಟ್‌ನಲ್ಲಿ ಫ್ರಾಂಕೆಲ್ ಎಂಬ ಕುದುರೆ ಕೊನೆಯ ಬಾರಿ ಓಡಿತು: 14 ಓಟ, 14 ಗೆಲುವು.

ಕ್ರಿಕೆಟ್‌ನ ಬಾಕಿ ತೀರಿದ್ದು ಭಾರತದಲ್ಲಿ. ರಾಹುಲ್ ದ್ರಾವಿಡ್ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಿವೃತ್ತಿ ಪ್ರಕಟಿಸಿದ್ದರು. ಹಿಂದಿನ ವರ್ಷ ಇಂಗ್ಲೆಂಡ್‌ನಲ್ಲಿ ಮೂರು ಟೆಸ್ಟ್ ಶತಕ ಹೊಡೆದು ತಂಡದ ಮಾನ ಉಳಿಸಿದ್ದ ಆ ಗೋಡೆ ಈಗಿರಲಿಲ್ಲ. ಟೆಸ್ಟ್ ಸರಣಿಯ ಮೊದಲ ಪಂದ್ಯವನ್ನು ಅಹಮದಾಬಾದ್‌ನಲ್ಲಿ ಸೋತ ಇಂಗ್ಲೆಂಡ್ ಮುಂಬೈಯಲ್ಲಿ ತಿರುಗಿಬಿತ್ತು. ಸ್ಪಿನ್ನರ್‌ಗಳಿಗೆಂದು ಸಿದ್ಧಪಡಿಸಿದ ಆ ಪಿಚ್‌ನಲ್ಲಿ ಮಾಂಟಿ ಪನೇಸರ್ ಮತ್ತು ಗ್ರೇಮ್ ಸ್ವಾನ್ ಸೇರಿ 19 ವಿಕೆಟ್ ಕಿತ್ತರು. ಭಾರತ ತಾನು ತೋಡಿದ ಹಳ್ಳಕ್ಕೆ ತಾನೇ ಬಿತ್ತು. ಕೋಲ್ಕತ್ತದಲ್ಲಿ ನಾಯಕ ಅಲಸ್ಟೇರ್ ಕುಕ್ 190 ಹೊಡೆದರು. ಡಿಸೆಂಬರ್ 17ರಂದು ನಾಗಪುರದ ಪಂದ್ಯ ಡ್ರಾ ಆಗಿ, 1984–85ರ ನಂತರ ಮೊದಲ ಬಾರಿಗೆ ಇಂಗ್ಲೆಂಡ್ ಭಾರತದಲ್ಲಿ ಸರಣಿ ಗೆದ್ದಿತು. ಆಮೇಲೆ ಭಾರತ ತವರಿನಲ್ಲಿ ಸತತ 18 ಸರಣಿ ಗೆದ್ದು, ಸೋತದ್ದು 2024ರಲ್ಲಿ ನ್ಯೂಜಿಲೆಂಡ್‌ಗೆ. ಆ ಸೋಲು ಆರಂಭವಾದದ್ದು ಬೆಂಗಳೂರಿನಲ್ಲಿ, 46 ರನ್ನಿಗೆ ಆಲೌಟ್ ಆಗುವುದರೊಂದಿಗೆ.

ನಾಗಪುರದ ಪಂದ್ಯ ಮುಗಿಯುವ ಹಿಂದಿನ ರಾತ್ರಿ ಬಿಬಿಸಿಯ ವರ್ಷದ ಕ್ರೀಡಾಪಟು ಪ್ರಶಸ್ತಿಯನ್ನು ವಿಗಿನ್ಸ್ ಪಡೆದರು. ಎನ್ನಿಸ್ ಎರಡನೆಯವರು, ಮರ್ರೆ ಮೂರನೆಯವರು. ಡಿಸೆಂಬರ್ 19ರಂದು ಲಂಡನ್ನಿನ ಹೈಕೋರ್ಟ್, ಹಿಲ್ಸ್‌ಬರೋ ಸಾವುಗಳು ಆಕಸ್ಮಿಕ ಎಂಬ 1991ರ ತೀರ್ಪನ್ನು ರದ್ದುಪಡಿಸಿ ಹೊಸ ವಿಚಾರಣೆಗೆ ದಾರಿ ಮಾಡಿಕೊಟ್ಟಿತು. ಆ 96 ಮಂದಿಯ ಸಾವು ಕಾನೂನುಬಾಹಿರ ಹತ್ಯೆ ಎಂದು ಹೊಸ ತೀರ್ಪುಗಾರರು ಹೇಳಿದ್ದು 2016ರ ಏಪ್ರಿಲ್ 26ರಂದು.