ಗೋಡೆಯೊಳಗಿನ ಕರಿ ವೈರು

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸುತ್ತಿದ್ದಾಗ ಎಲೆಕ್ಟ್ರಿಶಿಯನ್ ಹುಡುಗ ಹಾಲಿನ ಮೂಲೆಯ ಪ್ಲೇಟು ಬಿಚ್ಚಿದ. ಒಳಗಿನಿಂದ ಒಂದು ಕರಿ ವೈರಿನ ತುದಿಯನ್ನು ಎಳೆದು ಹಿಡಿದು, “ಅಂಕಲ್, ಇದನ್ನ ಕಿತ್ತು ಬಿಸಾಕ್ಲಾ? ಈಗ ಯಾರೂ ಇಟ್ಕೊಳಲ್ಲ” ಅಂದ. ನಾನು ಹೂಂ ಅನ್ನುವವನಿದ್ದೆ. ಮೇಲಿನ ರೂಮಿನಿಂದ ಮಗಳು ಇಳಿದು ಬಂದು, “ಅಪ್ಪಾ, ಮತ್ತೆ ವೈಫೈ ಹೋಯ್ತು, ಮೀಟಿಂಗ್ ಅರ್ಧಕ್ಕೆ ನಿಂತಿದೆ” ಎಂದಳು. ಫೈಬರಿನ ಮೋಡೆಮ್ ಇರುವುದು ಬೀದಿ ಕಡೆಯ ಹಾಲಿನಲ್ಲಿ. ಅವಳ ರೂಮಿಗೂ ಅದಕ್ಕೂ ನಡುವೆ 1996ರ ಕಾಂಕ್ರೀಟು, ಕಬ್ಬಿಣ. ಹೊಸ ವೈರು ಎಳೆಯೋಣವೆಂದರೆ ಪೈಪಿನಲ್ಲಿ ಜಾಗವಿಲ್ಲ. ಆ ಪೈಪಿನಲ್ಲಿ ಹಾಲಿನಿಂದ ಮೇಲಿನ ರೂಮಿಗೆ ಆಗಲೇ ಹೋಗಿರುವುದು ಒಂದೇ, ಟೀವಿಯ ಈ ಕರಿ ವೈರು. ಕೀಳಬೇಡ, ತಾಳಪ್ಪಾ ಎಂದೆ.

ಪಠ್ಯಪುಸ್ತಕದಲ್ಲಿ ಇದಕ್ಕೆ ಏಕಾಕ್ಷ ತಂತಿ ಎಂಬ ಹೆಸರಿದೆ. ಬೀದಿಯಲ್ಲಿ ಆ ಹೆಸರು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಕೇಬಲ್ ವೈರು ಅಂದರೆ ಸಾಕು. ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಫೋಮು, ಫೋಮಿನ ಸುತ್ತ ಹಾಳೆ ಮತ್ತು ಜಾಲರಿ, ಮೇಲೆ ಕರಿ ಅಂಗಿ. ಸಂಕೇತ ಹೊರಗೆ ಸೋರುವುದಿಲ್ಲ, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಇದರ ಪೇಟೆಂಟನ್ನು 1880ರಲ್ಲಿ ಇಂಗ್ಲೆಂಡಿನಲ್ಲಿ ಪಡೆದವನು ಆಲಿವರ್ ಹೆವಿಸೈಡ್, ಟೆಲಿಗ್ರಾಫ್ ಕೆಲಸ ಬಿಟ್ಟು ಮನೆಯಲ್ಲಿ ಕೂತು ಗಣಿತ ಮಾಡುತ್ತಿದ್ದವನು. ಒಂದೇ ತಂತಿಯಲ್ಲಿ ನೂರಾರು ಫೋನ್ ಮಾತುಗಳನ್ನು ಕಳಿಸುವ ದಾರಿಯಾಗಿ ಅದನ್ನು ಬೆಳೆಸಿದ್ದು ಅಮೆರಿಕದ ಫೋನ್ ಕಂಪನಿಯ ಎಂಜಿನಿಯರುಗಳು, 1929ರ ಸುಮಾರಿಗೆ. 1956ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ಮೊದಲ ಟೆಲಿಫೋನ್ ಕೇಬಲ್ಲೂ ಇದೇ ಜಾತಿಯದು.

ನಮ್ಮ ಕಡೆಗೆ ಈ ವಿದ್ಯೆ ಹೊಸದಲ್ಲ. ಇಲ್ಲಿಂದ ನಾಲ್ಕಾರು ಕಿಲೋಮೀಟರ್ ದೂರದ ದೂರವಾಣಿ ನಗರದಲ್ಲಿ 1948ರಿಂದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಫೋನು, ಎಕ್ಸ್‌ಚೇಂಜ್ ಮಾಡಿಕೊಟ್ಟಿತು. ಸಿ.ವಿ. ರಾಮನ್ ನಗರದ ಕಾಂಪೌಂಡುಗಳ ಹಿಂದೆ ಡಿಆರ್‌ಡಿಓದ ರಾಡಾರ್ ಸಂಸ್ಥೆ ಎಲ್‌ಆರ್‌ಡಿಇ ಇದೆ. ಆದರೆ ಮನೆಮನೆಗೆ ಆ ವೈರನ್ನು ತಂದವರು ಎಂಜಿನಿಯರುಗಳಲ್ಲ, ಕೇಬಲ್‌ನವರು.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆಗ ತಾರಸಿಯ ಮೇಲೆ ಅಲ್ಯೂಮಿನಿಯಂ ಆಂಟೆನಾ, ಅದರಿಂದ ಇಳಿದು ಬರುವ ಚಪ್ಪಟೆ ರಿಬ್ಬನ್ ವೈರು. ಕಾಗೆ ಕೂತರೆ ಚಿತ್ರ ಅಲುಗಾಡುತ್ತಿತ್ತು. 1991ರ ಜನವರಿಯ ಕೊಲ್ಲಿ ಯುದ್ಧವನ್ನು ಸಿಎನ್ಎನ್ ನೇರವಾಗಿ ತೋರಿಸಿತು. ಅದೇ ವರ್ಷ ಸ್ಟಾರ್ ಟೀವಿ ಬಂತು, ಮರುವರ್ಷ ಝೀ, 1994ರಲ್ಲಿ ಕನ್ನಡಕ್ಕೆ ಉದಯ. ಡಿಶ್ ಒಂದನ್ನು ತಾರಸಿಯ ಮೇಲೆ ನಿಲ್ಲಿಸಿ, ಹೊಂಗೆ ಮರದಿಂದ ಕರೆಂಟ್ ಕಂಬಕ್ಕೆ, ಕಂಬದಿಂದ ಸಜ್ಜಕ್ಕೆ ವೈರು ತೂಗುಹಾಕಿ, ತಿಂಗಳ ಮೊದಲ ವಾರ ಪುಸ್ತಕ ಹಿಡಿದು ವಸೂಲಿಗೆ ಬರುವ ಹುಡುಗರು ಕಗ್ಗದಾಸಪುರದ ತನಕ ಹಬ್ಬಿದರು. ಸರ್ಕಾರ 1995ರಲ್ಲಿ ಕಾನೂನು ಮಾಡಿ, ಇವರೆಲ್ಲ ಹೆಡ್ ಪೋಸ್ಟ್ ಆಫೀಸಿನಲ್ಲಿ ನೋಂದಾಯಿಸಿಕೊಳ್ಳಬೇಕೆಂದಿತು. ಉಪಗ್ರಹದಿಂದ ಬರುವ ಚಿತ್ರಕ್ಕೆ ಅಂಚೆ ಕಚೇರಿಯ ಮುದ್ರೆ! ನನಗೆ ಈಗಲೂ ಅದು ಇಷ್ಟವಾದ ವಿಷಯ.

1997ರಲ್ಲಿ ಅಮೆರಿಕದವರು ಡಾಕ್ಸಿಸ್ ಎಂಬ ನಿಯಮಾವಳಿ ಮಾಡಿ ಟೀವಿಯ ವೈರಿನಲ್ಲೇ ಇಂಟರ್‌ನೆಟ್ ಹರಿಸಿದರು. ಊರು ತುಂಬ ವೈರು ಇರುವ ನಮಗೆ ಅದು ಸಲೀಸು ಅನ್ನಿಸಬೇಕಿತ್ತು. ಆಗಲಿಲ್ಲ. ನಮ್ಮ ಬೀದಿಯ ವೈರು ಏಕಮುಖ ರಸ್ತೆ. ದಾರಿಯಲ್ಲಿನ ಆಂಪ್ಲಿಫೈಯರುಗಳು ಮನೆಯ ಕಡೆಗೆ ಮಾತ್ರ ತಳ್ಳುತ್ತಿದ್ದವು. ಟೀವಿ ನೋಡುವವನು ಮರುಮಾತಾಡುವುದಿಲ್ಲ, ಇಂಟರ್‌ನೆಟ್ ನೋಡುವವನು ಆಡಲೇಬೇಕು. ಹಿಂದಿರುಗುವ ದಾರಿ ತೆರೆದರೆ ಇನ್ನೊಂದು ಪೀಡೆ: ಕೈಯಲ್ಲಿ ತಿರುಚಿ ಟೇಪು ಸುತ್ತಿದ ಒಂದೊಂದು ಜಾಯಿಂಟೂ ಪುಟ್ಟ ಆಂಟೆನಾ. ನೂರು ಮನೆಗಳ ಮಿಕ್ಸಿ, ಮೋಟಾರುಗಳ ಗದ್ದಲ ಒಂದೇ ಆಲಿಕೆಗೆ ಸುರಿದಂತೆ ಮೇಲಕ್ಕೆ ಹೋಗುತ್ತದೆ. ಹಾಥ್‌ವೇಯಂಥ ಕಂಪನಿಗಳು ಜಾಲವನ್ನು ದುರಸ್ತಿ ಮಾಡಿ ಕೇಬಲ್ ಮೋಡೆಮ್ ಕೊಟ್ಟವು, ನಿಜ. ಆದರೆ ಬೆಂಗಳೂರಿನಲ್ಲಿ ಹೆಚ್ಚಾಗಿ ನಡೆದದ್ದು ಬೇರೆ: ಬೀದಿಯ ತನಕ ಫೈಬರ್, ಅಲ್ಲಿಂದ ತಾರಸಿ ತಾರಸಿ ದಾಟಿ ಎತರ್‌ನೆಟ್ ವೈರು. 2000ದಲ್ಲಿ ಇಲ್ಲೇ ಕೇಬಲ್ ಟೀವಿ ಕಂಪನಿಯಾಗಿ ಹುಟ್ಟಿದ ಎಸಿಟಿ ಈ ದಾರಿಯಲ್ಲೇ ದೊಡ್ಡದಾಯಿತು. ಮಳೆಗಾಲದ ಮೊದಲ ಸಿಡಿಲಿಗೆ ತಾರಸಿಯ ಡಬ್ಬಿ ಸುಟ್ಟು ಎರಡು ದಿನ ಬೀದಿಗೇ ಇಂಟರ್‌ನೆಟ್ ಇಲ್ಲದಿದ್ದ ಕಾಲ ನೆನಪಿರುವವರು ಇನ್ನೂ ಇದ್ದಾರೆ.

2013ರ ಮಾರ್ಚ್ 31 ಬೆಂಗಳೂರಿಗೆ ಸೆಟ್‌ಟಾಪ್ ಬಾಕ್ಸಿನ ಗಡುವು. ಚಿತ್ರ ಚೊಕ್ಕಟವಾಯಿತು, ಕೇಬಲ್‌ನವರ ಲೆಕ್ಕಪುಸ್ತಕ ಮಾತ್ರ ದೊಡ್ಡ ಕಂಪನಿಗಳ ಕಂಪ್ಯೂಟರಿಗೆ ಹೋಯಿತು. 2018ರಲ್ಲಿ ಹಾಥ್‌ವೇ, ಡೆನ್ ಎರಡರಲ್ಲೂ ದೊಡ್ಡ ಪಾಲನ್ನು ರಿಲಯನ್ಸ್ ಕೊಳ್ಳುವುದಾಗಿ ಘೋಷಿಸಿತು, ಮರುವರ್ಷ ಜಿಯೋಫೈಬರ್. ಮೊದಲು ವಸೂಲಿಗೆ ಬರುತ್ತಿದ್ದವರಲ್ಲಿ ಕೆಲವರು ಈಗ ಅದೇ ಬೀದಿಯಲ್ಲಿ ಫೈಬರ್ ಎಳೆಯುತ್ತಾರೆ.

ಬೀದಿಯ ಮಟ್ಟಿಗೆ ವಾದಕ್ಕೆ ಜಾಗವಿಲ್ಲ. ಒಳ್ಳೆಯ ಆರ್‌ಜಿ-6 ವೈರು ಸಾವಿರ ಮೆಗಾಹರ್ಟ್ಸ್‌ನಲ್ಲಿ ನೂರು ಮೀಟರಿಗೆ ಸುಮಾರು 20 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಅಂದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಗಾಜಿನ ಎಳೆ ಅಷ್ಟನ್ನು ಕಳೆದುಕೊಳ್ಳಲು ನೂರು ಕಿಲೋಮೀಟರ್ ಬೇಕು. ಅಷ್ಟು ದೂರದಲ್ಲಿ ಬಡವಾದ ಬೆಳಕಿಗೆ ಎಳೆಯೊಳಗೇ ಬಲ ತುಂಬುವ ವಿಧಾನಗಳಲ್ಲಿ ಒಂದು ರಾಮನ್ ಪರಿಣಾಮವನ್ನೇ ನೆಚ್ಚಿದೆ. ನಮ್ಮ ಬಡಾವಣೆಯ ಬೋರ್ಡಿನ ಮೇಲಿರುವ ಹೆಸರು ಆ ಗಾಜಿನೊಳಗೂ ಇದೆ.

ಆದರೆ ಮನೆಯೊಳಗೆ ನೂರು ಮೀಟರ್ ಎಲ್ಲಿದೆ? ಹದಿನೈದು ಮೀಟರಿನಲ್ಲಿ ಅರ್ಧ ಕಳೆದರೂ ನಷ್ಟವಿಲ್ಲ. ಇದಕ್ಕೆಂದೇ ‘ಮೋಕಾ’ ಎಂಬ ಪದ್ಧತಿಯಿದೆ. 2004ರಲ್ಲಿ ಕಂಪನಿಗಳು ಕೂಡಿ ಶುರುಮಾಡಿದ್ದು. ವೈರಿನ ಎರಡು ತುದಿಗೂ ಒಂದೊಂದು ಅಡಾಪ್ಟರ್ ಸಿಕ್ಕಿಸಿದರೆ ಅದು ಎತರ್‌ನೆಟ್ಟಿನಂತೆ ನಡೆಯುತ್ತದೆ, 2.5 ಎಂಬ ಆವೃತ್ತಿ ಕಾಗದದ ಮೇಲೆ ಸೆಕೆಂಡಿಗೆ 2.5 ಗಿಗಾಬಿಟ್. ಕೇಬಲ್ ಟೀವಿಗಿಂತ ಮೇಲಿನ ಪಟ್ಟಿಯಲ್ಲಿ, 1125ರಿಂದ 1675 ಮೆಗಾಹರ್ಟ್ಸ್‌ನಲ್ಲಿ ಓಡುವುದರಿಂದ ಟೀವಿಯ ಜತೆಗೂ ಬಾಳುತ್ತದೆ. ಡಿಟಿಹೆಚ್ ಡಿಶ್ ಇರುವ ವೈರಿನಲ್ಲಿ ಬಾಳುವುದಿಲ್ಲ, ಇಬ್ಬರದೂ ಒಂದೇ ಜಾಗ. ಹಳೆಯ ಸ್ಪ್ಲಿಟರ್ ತೆಗೆಯಬೇಕು. ತಾರಸಿಯ ತುದಿಯನ್ನು ಬೀದಿಯಿಂದ ಬೇರ್ಪಡಿಸಬೇಕು, ಇಲ್ಲದಿದ್ದರೆ ನಮ್ಮ ಮನೆಯ ಮಾತು ಪಕ್ಕದ ಮನೆಗೆ ನಡೆದೀತು.

ಎಸ್.ಪಿ. ರೋಡಿನಲ್ಲಿ ಎರಡು ಅಂಗಡಿಯವರಿಗೆ ಮೋಕಾ ಅಂದರೆ ಕಾಫಿ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ, ಜೋಡಿಗೆ ಕೊಟ್ಟ ದುಡ್ಡನ್ನು ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ. ಮೇಲಿನ ರೂಮಿನ ವೈರಿನ ಮೇಲೆ ಆರ್‌ಜಿ-6 ಎಂದು ಅಚ್ಚಾಗಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿದ ಮೇಲೆ ಮಗಳ ಮೀಟಿಂಗು ನಿಂತಿಲ್ಲ. ಅಡುಗೆಮನೆ ಕಡೆಯದು ತೆಳ್ಳನೆಯ ಆರ್‌ಜಿ-59, ಜಾಯಿಂಟು ತುಕ್ಕು ಹಿಡಿದಿತ್ತು. ಅದನ್ನು ಕೀಳಿಸಿದೆ.

ಹುಡುಗ ಆ ವೈರನ್ನು ಸುತ್ತಿ, “ತಾಮ್ರ ಇದೆ ಅಂಕಲ್, ತಗೊಂಡು ಹೋಗ್ಲಾ?” ಅಂದ. ತಗೋ ಎಂದೆ. ಬಾಗಿಲಲ್ಲೇ ನಿಂತು ಬ್ಲೇಡಿನಿಂದ ನಡುವಿನ ತಂತಿಯನ್ನು ಕೆರೆದ. ಮೇಲೆ ತಾಮ್ರದ ಲೇಪ, ಒಳಗೆ ಉಕ್ಕು. ಸುರುಳಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋದ.