ಕಾರು ವಾಪಸ್ ತಗೊಳ್ತೀವಿ ಅಂದ್ರು, ಆದರೆ ಯಾವ ಬೆಲೆಗೆ? ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣದಲ್ಲಿ ‘ಇದು ಸರಿಯಿಲ್ಲ’ ಅಂದವರ ಕಥೆ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು ಮಾಡೋಣ.

ನೀವು ಸಾಲ ಮಾಡಿ ಒಂದು ಕಾರು ತಗೊಂಡಿದ್ದೀರಿ. ಮೂರು ವರ್ಷ ಓಡಿಸಿದ್ದೀರಿ. ಆಮೇಲೆ ಒಂದು ದಿನ ಕಂಪನಿಯೇ ಒಪ್ಪಿಕೊಳ್ಳುತ್ತೆ, ಈ ಕಾರಿನ ಬಗ್ಗೆ ನಾವು ಹೇಳಿದ್ದು ಸುಳ್ಳು ಅಂತ. ಈಗ ನಿಮಗೆ ಎಷ್ಟು ದುಡ್ಡು ವಾಪಸ್ ಬರಬೇಕು? ಅವತ್ತು ಶೋರೂಮಿನಲ್ಲಿ ಕೊಟ್ಟಷ್ಟಾ? ಇವತ್ತಿನ ಸೆಕೆಂಡ್ ಹ್ಯಾಂಡ್ ರೇಟಾ? ಅಥವಾ ಸುಳ್ಳು ಬಯಲಾಗೋ ಮುಂಚೆ ಆ ಕಾರಿಗೆ ಎಷ್ಟು ಬೆಲೆ ಇತ್ತೋ ಅಷ್ಟಾ?

2016ರಲ್ಲಿ ಅಮೆರಿಕದ ಲಕ್ಷಾಂತರ ಜನ ಈ ಲೆಕ್ಕ ಹಾಕ್ತಾ ಕೂತಿದ್ರು. ಅವರ ಮುಂದೆ ಒಂದು ಆಫರ್ ಇತ್ತು. ಬಹುತೇಕರು ತಗೊಂಡರು. ನಾನೂರು ಚಿಲ್ಲರೆ ಮಂದಿ ಮಾತ್ರ ಕೋರ್ಟಿಗೆ ಬರೆದು ಹೇಳಿದ್ರು, ಇದು ನ್ಯಾಯ ಅಲ್ಲ ಅಂತ. ಹಗರಣದ ಕಥೆ ನೀವು ಎಲ್ಲೋ ಕೇಳಿರ್ತೀರಿ. ಆಕ್ಷೇಪ ಎತ್ತಿದ ಈ ಜನರ ಕಥೆ ಅಷ್ಟಾಗಿ ಯಾರೂ ಹೇಳಿಲ್ಲ.

ಲ್ಯಾಬಿನಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು

ಮೊದಲು ಹಿನ್ನೆಲೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದಲ್ಲಿ 2009ರಿಂದ 2015ರ ಮಾಡೆಲ್‌ವರೆಗೆ 2 ಲೀಟರ್ ಡೀಸೆಲ್ ಎಂಜಿನ್ನಿನ ಕಾರುಗಳನ್ನು ‘ಕ್ಲೀನ್ ಡೀಸೆಲ್’ ಅಂತ ಹೇಳಿ ಮಾರಿತು. ಮೈಲೇಜೂ ಇದೆ, ಪಿಕಪ್ಪೂ ಇದೆ, ಹೊಗೆಯೂ ಕಡಿಮೆ ಅನ್ನೋದು ಜಾಹೀರಾತಿನ ಮಾತು. ಪರಿಸರದ ಕಾಳಜಿ ಇದ್ದವರೇ ಹುಡುಕಿಕೊಂಡು ಹೋಗಿ ತಗೊಂಡ ಕಾರು ಅದು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಐಸಿಸಿಟಿ ಅನ್ನೋ ಒಂದು ಸ್ವತಂತ್ರ ಸಂಶೋಧನಾ ಸಂಸ್ಥೆ ಇದೆ. ಅಮೆರಿಕದಲ್ಲಿ ಡೀಸೆಲ್ ಕಾರು ಇಷ್ಟು ಶುದ್ಧವಾಗಿ ಓಡುತ್ತೆ ಅಂದಮೇಲೆ ಯುರೋಪಿನಲ್ಲಿ ಯಾಕಾಗಲ್ಲ ಅಂತ ತೋರಿಸೋದು ಅದರ ಉದ್ದೇಶ. ಪರೀಕ್ಷೆಯ ಕೆಲಸವನ್ನು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡಕ್ಕೆ ಕೊಟ್ಟರು. ತಂಡದಲ್ಲಿದ್ದ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಕಾರಿನ ಡಿಕ್ಕಿಯಲ್ಲಿ ಹೊಗೆ ಅಳೆಯುವ ಯಂತ್ರ ಇಟ್ಟು, ಲ್ಯಾಬಿನ ರೋಲರ್ ಮೇಲಲ್ಲ, ನಿಜವಾದ ರಸ್ತೆಯಲ್ಲಿ ಓಡಿಸಿ ನೋಡಿದ್ರು. ಒಂದು ಕಾರನ್ನಂತೂ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ತಗೊಂಡು ಹೋದ್ರು.

ಲೆಕ್ಕ ತಾಳೆ ಆಗಲಿಲ್ಲ. ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷಾನಿಲ ಜೆಟ್ಟಾ ಕಾರಿನಲ್ಲಿ ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್‌ನಲ್ಲಿ 5ರಿಂದ 20 ಪಟ್ಟು ಬರ್ತಾ ಇತ್ತು. 2014ರಲ್ಲಿ ವರದಿ ಹೊರಬಂತು. ಕಂಪನಿ ಏನೇನೋ ಸಮಜಾಯಿಷಿ ಕೊಡ್ತು, ರೀಕಾಲ್ ಮಾಡಿ ಸಾಫ್ಟ್‌ವೇರ್ ಬದಲಿಸಿದ್ದೂ ಆಯ್ತು. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಮತ್ತೆ ಅಳೆದು ನೋಡಿದರೆ ಹೊಗೆ ಹಾಗೇ ಇತ್ತು.

ಮೋಸ ಇದ್ದದ್ದು ಸಾಫ್ಟ್‌ವೇರಿನಲ್ಲಿ. ಲ್ಯಾಬಿನಲ್ಲಿ ಚಕ್ರ ತಿರುಗುತ್ತೆ, ಆದರೆ ಸ್ಟೀರಿಂಗ್ ಅಲ್ಲಾಡಲ್ಲ. ಇಂಥ ಸುಳಿವು ಹಿಡಿದು ಕಾರು ತಾನು ಪರೀಕ್ಷೆಯಲ್ಲಿದ್ದೀನಿ ಅಂತ ಗುರುತಿಸ್ತಿತ್ತು. ಆಗ ಮಾತ್ರ ಹೊಗೆ ಶುದ್ಧ ಮಾಡೋ ವ್ಯವಸ್ಥೆ ಪೂರ್ತಿ ಕೆಲಸ ಮಾಡ್ತಿತ್ತು. ರಸ್ತೆಗೆ ಇಳಿದ ಕೂಡಲೇ ಸಡಿಲ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ನೋಟಿಸ್ ಕೊಟ್ಟು ಎಲ್ಲವನ್ನೂ ಬಯಲು ಮಾಡಿತು. ಐದೇ ದಿನಕ್ಕೆ ಕಂಪನಿಯ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಜಗತ್ತಿನಾದ್ಯಂತ ಇಂಥ 1.1 ಕೋಟಿ ಕಾರುಗಳಿವೆ ಅಂತ ಕಂಪನಿಯೇ ಹೇಳ್ತು.

ಕೂಸು ಹುಟ್ಟೋ ಮುಂಚೆ ಕುಲಾವಿ

ಈಗ ಮಾಲೀಕರ ಕಡೆ ಬರೋಣ. ಕಾರು ಓಡುತ್ತೆ, ಬ್ರೇಕ್ ಹಿಡಿಯುತ್ತೆ, ಅಪಾಯ ಏನಿಲ್ಲ. ಆದರೆ ಮಾರೋಕೆ ಹೋದರೆ ಬೆಲೆ ಬಿದ್ದಿದೆ. ಓಡಿಸಿದರೆ ಮನಸ್ಸು ಚುಚ್ಚುತ್ತೆ. ಅತ್ತ ದರಿ, ಇತ್ತ ಹುಲಿ. ನವೆಂಬರಿನಲ್ಲಿ ಕಂಪನಿ ಸೌಹಾರ್ದದ ಹೆಸರಲ್ಲಿ 500 ಡಾಲರಿನ ಒಂದು ಕಾರ್ಡ್, ಡೀಲರ್ ಹತ್ತಿರವೇ ಖರ್ಚು ಮಾಡಬೇಕಾದ 500 ಡಾಲರಿನ ಇನ್ನೊಂದು ಕಾರ್ಡ್ ಕೊಟ್ಟಿತು. ಸಿಟ್ಟೇನೂ ಇಳೀಲಿಲ್ಲ.

ನೂರಾರು ದಾವೆಗಳು ಬಿದ್ದವು. ಎಲ್ಲವನ್ನೂ ಒಟ್ಟು ಮಾಡಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅವರ ಮುಂದೆ ಇಟ್ಟರು. ಸಂಧಾನ ನಡೆಸೋಕೆ ಎಫ್‌ಬಿಐನ ಮಾಜಿ ನಿರ್ದೇಶಕ ರಾಬರ್ಟ್ ಮುಲ್ಲರ್ ಅವರನ್ನು ನೇಮಿಸಿದರು. 2016ರ ಏಪ್ರಿಲ್ 21ರಂದು ಕೋರ್ಟಿನಲ್ಲಿ ಘೋಷಣೆ ಆಯ್ತು: ಕಂಪನಿ ಕಾರುಗಳನ್ನ ವಾಪಸ್ ತಗೊಳ್ಳುತ್ತೆ, ಜೊತೆಗೆ ಪರಿಹಾರವನ್ನೂ ಕೊಡುತ್ತೆ. ಎಷ್ಟು? ಅದನ್ನ ಹೇಳಲಿಲ್ಲ. ಎರಡು ತಿಂಗಳು ಮಾಲೀಕರು ಅಂಕಿ ಇಲ್ಲದ ಆಫರ್ ಹಿಡ್ಕೊಂಡು ಕಾದರು.

ಜೂನ್ 28ಕ್ಕೆ ಅಂಕಿ ಬಂತು. ಒಟ್ಟು ಒಪ್ಪಂದ 1,470 ಕೋಟಿ ಡಾಲರಿನದು. ಅದರಲ್ಲಿ ಸುಮಾರು 4.75 ಲಕ್ಷ ಕಾರುಗಳ ಬೈಬ್ಯಾಕ್ ಮತ್ತು ಪರಿಹಾರಕ್ಕೆ ಗರಿಷ್ಠ 1,003 ಕೋಟಿ. ಉಳಿದದ್ದು ಮಾಲಿನ್ಯ ತಗ್ಗಿಸೋ ನಿಧಿಗೆ, ಎಲೆಕ್ಟ್ರಿಕ್ ವಾಹನಗಳ ವ್ಯವಸ್ಥೆಗೆ.

ಒಬ್ಬೊಬ್ಬರಿಗೆ ಎಷ್ಟು ಅನ್ನೋ ಸೂತ್ರ ಹೀಗಿತ್ತು. ಎನ್‌ಎಡಿಎ ಅನ್ನೋ ಬೆಲೆಪಟ್ಟಿಯಲ್ಲಿ, ಡೀಲರಿಗೆ ಹಳೇ ಕಾರು ಕೊಟ್ಟರೆ 2015ರ ಸೆಪ್ಟೆಂಬರಿನಲ್ಲಿ ಎಷ್ಟು ಸಿಗ್ತಿತ್ತು ಅಂತ ನೋಡಬೇಕು. ಎಷ್ಟು ಓಡಿದೆ, ಯಾವ ಫಿಟ್ಟಿಂಗ್ ಇದೆ ಅಂತ ಅದನ್ನ ಹೆಚ್ಚುಕಡಿಮೆ ಮಾಡಬೇಕು. ಆ ಮೊತ್ತಕ್ಕೆ ಅದರದೇ ಶೇ 20, ಮೇಲೆ 2,986 ಡಾಲರ್ 73 ಸೆಂಟ್ ಸೇರಿಸಬೇಕು. ಈ ಸೇರಿಸೋ ಪರಿಹಾರದ ಭಾಗ 5,100 ಡಾಲರಿಗಿಂತ ಕಡಿಮೆ ಇರಬಾರದು. ಉದಾಹರಣೆಗೆ ಕಾರಿನ ಮೌಲ್ಯ 15,000 ಡಾಲರ್ ಅಂದ್ಕೊಳ್ಳಿ. ಶೇ 20 ಅಂದ್ರೆ 3,000. ಎಲ್ಲ ಕೂಡಿಸಿದರೆ ಸುಮಾರು 20,987 ಡಾಲರ್.

ಕೇಳೋಕೆ ಚೆನ್ನಾಗಿದೆ. ಸಮಸ್ಯೆ ಇದ್ದದ್ದು ಎರಡನೇ ಆಯ್ಕೆಯಲ್ಲಿ. ಕಾರು ಕೊಡೋಕೆ ಇಷ್ಟ ಇಲ್ಲದವರು ಅದನ್ನ ಉಳಿಸಿಕೊಂಡು ರಿಪೇರಿ ಮಾಡಿಸ್ಕೊಬಹುದು, ಪರಿಹಾರದ ಭಾಗವನ್ನೂ ತಗೊಬಹುದು. ಆದರೆ ಆ ರಿಪೇರಿ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರ ಒಪ್ಪಿದ ರಿಪೇರಿ ಆಗ ಒಂದೂ ಇರಲಿಲ್ಲ. ಅದು ಬಂದಮೇಲೆ ಮೈಲೇಜ್ ಬೀಳುತ್ತಾ, ಪಿಕಪ್ ಹೋಗುತ್ತಾ, ಬಿಡಿಭಾಗ ಬೇಗ ಸವೆಯುತ್ತಾ, ಯಾವುದಕ್ಕೂ ಉತ್ತರ ಇಲ್ಲ. ಆದರೆ ಒಪ್ಪಂದದ ಬಗ್ಗೆ ಆಕ್ಷೇಪ ಹೇಳೋಕೆ ಕೊನೇ ದಿನ 2016ರ ಸೆಪ್ಟೆಂಬರ್ 16. ಕೂಸು ಹುಟ್ಟೋ ಮುಂಚೆನೇ ಕುಲಾವಿ ಅಂತಾರಲ್ಲ, ಹಾಗೆ.

ಸುಮ್ಮನಿದ್ದರೂ ನೀವು ಒಳಗೇ

ಇಲ್ಲಿ ‘ಕ್ಲಾಸ್ ಆಕ್ಷನ್’ ಅಂದರೆ ಏನು ಅಂತ ಸ್ವಲ್ಪ ತಿಳ್ಕೊಬೇಕು. ಒಂದೇ ಥರದ ಅನ್ಯಾಯಕ್ಕೆ ಒಳಗಾದ ಎಲ್ಲರ ಪರವಾಗಿ ಕೆಲವರು ದಾವೆ ಹೂಡ್ತಾರೆ. ನೀವು ಏನೂ ಮಾಡದೆ ಸುಮ್ಮನೆ ಕೂತರೂ ಆ ಗುಂಪಿನ ಒಳಗೇ ಇರ್ತೀರಿ. ಒಪ್ಪಂದ ನಿಮಗೂ ಅನ್ವಯ. ಬೇಡ ಅಂದರೆ ನಿಗದಿತ ದಿನದೊಳಗೆ ಬರೆದುಕೊಟ್ಟು ಹೊರಗೆ ಬರಬೇಕು, ನಿಮ್ಮ ಕೇಸು ನೀವೇ ನಡೆಸ್ಕೊಬೇಕು. ಮೂರನೇ ದಾರಿ, ಒಳಗೇ ಇದ್ದು ನ್ಯಾಯಾಧೀಶರಿಗೆ ಆಕ್ಷೇಪ ಸಲ್ಲಿಸೋದು. ವಕೀಲರೇ ಬೇಕು ಅಂತಿಲ್ಲ, ಮಾಲೀಕರೇ ಪತ್ರ ಬರೀಬಹುದು. ಅದನ್ನ ಪರಿಗಣಿಸದೆ ಕೋರ್ಟು ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಕೊಡೋ ಹಾಗಿಲ್ಲ.

ಮೂರು ಸಾವಿರಕ್ಕೂ ಹೆಚ್ಚು ಜನ ಹೊರಗೆ ಹೋದರು. ನಾನೂರು ಚಿಲ್ಲರೆ ಮಂದಿ ಆಕ್ಷೇಪ ಬರೆದರು.

ಅವರ ವಾದ ಏನು? ಮೊದಲನೇದು, ಪೂರ್ತಿ ಬೆಲೆ ಕೊಡಿ. ನಾವು ಕೊಂಡದ್ದು ಕ್ಲೀನ್ ಡೀಸೆಲ್, ನಮಗೆ ಸಿಕ್ಕಿದ್ದು ಅದಲ್ಲ. ಗೊತ್ತಿದ್ದರೆ ಈ ಕಾರು ಕೊಳ್ತಾನೇ ಇರಲಿಲ್ಲ ಅಂದಮೇಲೆ ಸವಕಳಿ ಯಾಕೆ ಕಳೀತೀರಿ? ಪರಿಸರದ ಕಾಳಜಿಯಿಂದ ಕೊಂಡವರಿಗೆ ಈ ಮಾತು ನಾಟದೇ ಇರುತ್ತಾ?

ಎರಡನೇದು, ಡೀಲರ್ ಕೊಡೋ ರೇಟು ಯಾಕೆ? ಅದೇ ಕಾರನ್ನ ನಾವು ಈಗ ಕೊಳ್ಳೋಕೆ ಹೋದರೆ ಡೀಲರ್ ಕೇಳೋ ರೇಟು ಬೇರೆ, ಜಾಸ್ತಿ. ಹಾಗಾದ್ರೆ ಈ ದುಡ್ಡಲ್ಲಿ ಅಂಥದ್ದೇ ಕಾರು ಹೇಗೆ ಬರುತ್ತೆ? ಕಟ್ಟಿದ ತೆರಿಗೆ, ರಿಜಿಸ್ಟ್ರೇಷನ್ ಶುಲ್ಕ, ದುಡ್ಡು ಕೊಟ್ಟು ತಗೊಂಡ ಹೆಚ್ಚುವರಿ ವಾರಂಟಿ, ಇವೆಲ್ಲ ಎಲ್ಲಿ ಹೋದವು?

ಮೂರನೇದು ಕಿಲೋಮೀಟರ್ ಲೆಕ್ಕ. ವರ್ಷಕ್ಕೆ 12,500 ಮೈಲಿ, ಅಂದರೆ ಸುಮಾರು 20 ಸಾವಿರ ಕಿಲೋಮೀಟರ್ ದಾಟಿದರೆ ಬೆಲೆ ಇಳಿಯುತ್ತೆ. ಆದರೆ ಡೀಸೆಲ್ ಕಾರು ತಗೊಳ್ಳೋದೇ ದೂರ ಓಡಿಸೋಕೆ ತಾನೇ?

ನಾಲ್ಕನೇದು, ಗುಂಪಿನಿಂದ ಕೈಬಿಟ್ಟವರು. ಹಗರಣ ಹೊರಬರೋ ಮುಂಚೆ ಕಾರು ಮಾರಿದವರಿಗೆ ಏನೂ ಇಲ್ಲ. ಹೊರಬಂದ ಮೇಲೆ ಮಾರಿದವರಿಗೂ, ಅವರಿಂದ ಕೊಂಡವರಿಗೂ ಪರಿಹಾರ ಅರ್ಧರ್ಧ.

ನ್ಯಾಯಾಧೀಶರು ಏನಂದರು?

ಅಕ್ಟೋಬರ್ 18ರಂದು ವಿಚಾರಣೆ. ಬೋ ಟೈ ಕಟ್ಟಿಕೊಂಡೇ ಕೋರ್ಟಿಗೆ ಬರುವ ಬ್ರೇಯರ್ ಅವರು ಆಕ್ಷೇಪ ಎತ್ತಿದವರ ಮಾತು ಕೇಳಿಸಿಕೊಂಡರು. ಒಂದು ವಾರದ ನಂತರ, ಅಕ್ಟೋಬರ್ 25ಕ್ಕೆ, ಒಪ್ಪಂದಕ್ಕೆ ಅಂತಿಮ ಮುದ್ರೆ ಒತ್ತಿದರು.

ಅವರ ತರ್ಕ ಹೀಗಿತ್ತು. ಒಪ್ಪಂದ ಇದಕ್ಕಿಂತ ಚೆನ್ನಾಗಿರಬಹುದಿತ್ತಾ ಅನ್ನೋದು ಕೋರ್ಟಿನ ಪ್ರಶ್ನೆ ಅಲ್ಲ. ನ್ಯಾಯಯುತವಾಗಿದೆಯಾ, ಸಾಕಷ್ಟಿದೆಯಾ ಅನ್ನೋದಷ್ಟೇ ಪ್ರಶ್ನೆ. ಕಾರನ್ನ ವರ್ಷಗಟ್ಟಲೆ ಬಳಸಿದ್ದೀರಿ, ಆದ್ದರಿಂದ ಪೂರ್ತಿ ಬೆಲೆ ಕೇಳೋಕಾಗಲ್ಲ. ರಿಪೇರಿ ಬಗ್ಗೆ ಈಗಲೇ ತೀರ್ಮಾನ ಬೇಕಿಲ್ಲ, 2018ರ ಸೆಪ್ಟೆಂಬರ್‌ವರೆಗೆ ಕಾಯಬಹುದು. ರಿಪೇರಿಯಿಂದ ಕಾರಿನಲ್ಲಿ ಏನು ಬದಲಾಗುತ್ತೆ ಅಂತ ಕಂಪನಿ ಮೊದಲೇ ತಿಳಿಸಬೇಕು. ಅಷ್ಟೂ ಸಾಲದಿದ್ದರೆ ಹೊರಗೆ ಹೋಗೋ ದಾರಿ ಇತ್ತು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆಕ್ಷೇಪದವರ ಬೇಡಿಕೆಗಾಗಿ ಒಪ್ಪಂದ ಮುರಿದಿದ್ದರೆ? ಆ ಕಾರುಗಳು ಇನ್ನಷ್ಟು ವರ್ಷ ರಸ್ತೆಯಲ್ಲೇ ಹೊಗೆ ಉಗುಳ್ತಾ ಇರ್ತಿದ್ವು. ಆ ಹೊತ್ತಿಗಾಗಲೇ ಮೂರು ಲಕ್ಷಕ್ಕೂ ಹೆಚ್ಚು ಮಾಲೀಕರು ಹೆಸರು ನೋಂದಾಯಿಸಿದ್ದರು. ಬೇಗ ಸಿಗೋ ಸಾಕಷ್ಟು ಪರಿಹಾರ ಮೇಲೋ, ತಡವಾಗಿ ಸಿಗಬಹುದಾದ ಪೂರ್ತಿ ಪರಿಹಾರ ಮೇಲೋ? ಬ್ರೇಯರ್ ಮೊದಲನೇದನ್ನ ಆರಿಸಿಕೊಂಡರು. 2018ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಒಪ್ಪಂದದ ಮಾತುಗಳು ಎಷ್ಟು ಅಸ್ಪಷ್ಟ ಇದ್ದವು ಅನ್ನೋದಕ್ಕೆ ಒಂದು ತಮಾಷೆಯ ಸಾಕ್ಷಿ ಇದೆ. ವಾಪಸ್ ಕೊಡೋ ಕಾರು ಅದರದೇ ಎಂಜಿನ್ನಿನ ಬಲದಲ್ಲಿ ಓಡಬೇಕು ಅನ್ನೋದು ಷರತ್ತು. ಸೀಟು, ಬಾಗಿಲು ಇರಬೇಕಾ? ಹಾಗಂತ ಬರೆದಿಲ್ಲವಲ್ಲ! ಕೆಲವರು ಅವನ್ನೆಲ್ಲ ಬಿಚ್ಚಿಟ್ಟುಕೊಂಡು ಕಾರು ವಾಪಸ್ ತಂದರು. ಕೊನೆಗೆ ಬ್ರೇಯರ್ ಅವರೇ, ಒಪ್ಪಂದದ ಉದ್ದೇಶ ಕಾರುಗಳನ್ನ ರಸ್ತೆಯಿಂದ ತೆಗೆಯೋದು, ಬಿಡಿಭಾಗ ಕಳಚೋದಲ್ಲ ಅಂತ ಹೇಳಬೇಕಾಯ್ತು.

ಸರ್ಕಾರ ಒಪ್ಪಿದ ಮೊದಲ ರಿಪೇರಿ ಬಂದದ್ದು 2017ರ ಜನವರಿಯಲ್ಲಿ, ಅದೂ 2015ರ ಮಾಡೆಲ್‌ಗೆ ಮಾತ್ರ. ಅಷ್ಟರಲ್ಲಿ ಜನ ಸಾಲುಗಟ್ಟಿ ಕಾರು ಒಪ್ಪಿಸ್ತಾ ಇದ್ದರು. ಮಿಷಿಗನ್ನಿನ ಪಾಳುಬಿದ್ದ ಸಿಲ್ವರ್‌ಡೋಮ್ ಕ್ರೀಡಾಂಗಣದಲ್ಲಿ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸಾವಿರಾರು ಕಾರು ಸಾಲಾಗಿ ನಿಂತ ಚಿತ್ರಗಳನ್ನ ನೀವು ನೋಡಿರಬಹುದು. ಕೊನೆಯ ಲೆಕ್ಕದಲ್ಲಿ, ಪರಿಹಾರ ಪಡೆದವರಲ್ಲಿ ಶೇ 86ಕ್ಕೂ ಹೆಚ್ಚು ಮಂದಿ ರಿಪೇರಿ ಬಿಟ್ಟು ಕಾರನ್ನೇ ಕೈಬಿಟ್ಟಿದ್ದರು. ಗ್ರಾಹಕರ ಕೈ ಸೇರಿದ್ದು 950 ಕೋಟಿ ಡಾಲರಿಗೂ ಹೆಚ್ಚು.

ಆಕ್ಷೇಪ ಎತ್ತೋಕೂ ಒಂದು ಆಫರ್ ಬೇಕು

ಹಾಗಾದ್ರೆ ಆ ನಾನೂರು ಚಿಲ್ಲರೆ ಜನ ಸೋತರಾ? ಕೋರ್ಟಿನಲ್ಲಿ, ಹೌದು. ಆದರೆ ಅವರು ಕೇಳಿದ ಪ್ರಶ್ನೆ ಸಾಯಲಿಲ್ಲ. 2020ರ ಮೇ 25ರಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟಿತು: ಮೋಸ ಹೋದ ಗ್ರಾಹಕ ಕಾರು ವಾಪಸ್ ಕೊಟ್ಟು, ಕೊಂಡ ಬೆಲೆಯನ್ನೇ ಕೇಳಬಹುದು. ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಮಾತ್ರ ಕಳೀಬೇಕು. ಕೊಂಡ ಬೆಲೆಯಿಂದಲೇ ಲೆಕ್ಕ ಶುರುವಾಗಲಿ ಅಂತ ಅಮೆರಿಕದವರು ಕೇಳಿದ್ದೂ ಇದನ್ನೇ. ವಿಪರ್ಯಾಸ ಏನಂದ್ರೆ, ಅಷ್ಟು ಹೊತ್ತಿಗೆ ಐದು ವರ್ಷ ಹೆಚ್ಚು ಓಡಿದ್ದ ಕಾರಿಗೆ ಕಳೆಯೋದೂ ಜಾಸ್ತಿಯೇ ಆಗಿತ್ತು.

ಮತ್ತೆ ನಮ್ಮಲ್ಲಿ? ಭಾರತದಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಸೇರಿ ಸುಮಾರು 3.23 ಲಕ್ಷ ಡೀಸೆಲ್ ಕಾರುಗಳನ್ನ ರೀಕಾಲ್ ಮಾಡೋದಾಗಿ 2015ರ ಡಿಸೆಂಬರಿನಲ್ಲಿ ಕಂಪನಿ ಹೇಳ್ತು. ಇಲ್ಲಿನ ನಿಯಮ ಮುರಿದಿಲ್ಲ ಅನ್ನೋದು ಅದರ ವಾದ. ಮಾಲೀಕರಿಗೆ ಸಿಕ್ಕಿದ್ದು ಸಾಫ್ಟ್‌ವೇರ್ ಅಪ್‌ಡೇಟ್. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಅದು ಪರಿಸರಕ್ಕಾದ ಹಾನಿಗೆ, ಮಾಲೀಕರಿಗಲ್ಲ. ಎರಡೇ ತಿಂಗಳಲ್ಲಿ, ಬಲವಂತದ ಕ್ರಮ ಬೇಡ ಅಂತ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಅಂದರೆ ಅಮೆರಿಕದ ಮಾಲೀಕ ‘ಈ ಬೆಲೆ ಸಾಲದು’ ಅಂತ ಜಗಳ ಆಡಿದ. ನಮ್ಮ ಮಾಲೀಕನಿಗೆ ಜಗಳ ಆಡೋಕೆ ಬೆಲೆಯನ್ನೇ ಯಾರೂ ಹೇಳಲಿಲ್ಲ. ಒಂದು ಆಫರ್ ಅಸ್ಪಷ್ಟ ಅಂತ ಆಕ್ಷೇಪಿಸಬೇಕಾದರೂ ಮೊದಲು ಆಫರ್ ಇರಬೇಕು, ಅದನ್ನ ಕೇಳಿಸಿಕೊಳ್ಳೋ ನ್ಯಾಯಾಧೀಶರಿರಬೇಕು, ಬರೆದು ಕಳಿಸೋಕೆ ಒಂದು ಗಡುವಿರಬೇಕು.

ಮುಂದಿನ ಸಲ ನಿಮ್ಮ ಫೋನಿಗೋ ಸ್ಕೂಟರಿಗೋ ಕಂಪನಿಯಿಂದ ‘ಸೆಟ್ಲ್‌ಮೆಂಟ್’ ಅಂತ ಮೆಸೇಜ್ ಬಂದರೆ, ‘ಒಪ್ಪಿದೆ’ ಅನ್ನೋ ಬಟನ್ ಒತ್ತೋ ಮುಂಚೆ ಮೂರು ವಿಷಯ ನೋಡಿ. ಬೆಲೆ ಯಾವ ದಿನದ್ದು? ಸುಮ್ಮನಿದ್ದರೆ ಏನಾಗುತ್ತೆ? ಬೇಡ ಅನ್ನೋಕೆ ಕೊನೇ ದಿನ ಯಾವುದು?