ಅಂಗವಿಕಲ ಮಕ್ಕಳ ಕಲಾಶಿಕ್ಷಣ (ಪ್ರಾಥಮಿಕ ಹಂತ): ಇತಿಹಾಸ

ಅಂಗವಿಕಲ ಮಕ್ಕಳಿಗೆ ಚಿತ್ರ ಬರೆಯುವುದನ್ನೂ ಮಣ್ಣಿನಲ್ಲಿ ರೂಪ ಮಾಡುವುದನ್ನೂ ಕಲಿಸುವ ಪದ್ಧತಿ ಯುರೋಪಿನ ವಿಶೇಷ ಶಾಲೆಗಳಲ್ಲಿ ಬೆಳೆದು, 20ನೆಯ ಶತಮಾನದ ಉತ್ತರಾರ್ಧದಲ್ಲಿ ಸಾಮಾನ್ಯ ಪ್ರಾಥಮಿಕ ಶಾಲೆಗೆ ಬಂದಿತು. ಮೊದಮೊದಲು ಅದರ ಗುರಿ ಕಲೆಯಾಗಿರಲಿಲ್ಲ. ಅಂಧಶಾಲೆಗಳು ಹೊಟ್ಟೆಪಾಡಿಗೆ ಒದಗಲೆಂದು ಬುಟ್ಟಿ ಹೆಣೆಯುವುದನ್ನು, ಬೆತ್ತದ ಕೆಲಸವನ್ನು ಕಲಿಸಿದವು. ಆ ಮಕ್ಕಳಿಗೆ ಹೇಳಿಕೊಳ್ಳುವುದು ಏನಾದರೂ ಇದ್ದೀತೇ ಎಂದು ಕೇಳಿದವರು ವಿರಳ.

ಹಾಗೆ ಕೇಳಿದವರಲ್ಲಿ ಮುಖ್ಯನಾದವನು ವಿಕ್ಟರ್ ಲೋವೆನ್‌ಫೆಲ್ಡ್ (1903–1960). ವಿಯೆನ್ನಾದ ಹೋಹೆ ವಾರ್ಟೆ ಅಂಧಶಾಲೆಯಲ್ಲಿ ಅವನು ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟ. ಕಣ್ಣಿನ ಅಳತೆಗೆ ಹೊಂದದ ಮುಖಗಳು ಮೂಡಿದವು. ಮಗುವಿನ ಅನುಭವದಲ್ಲಿ ಯಾವ ಭಾಗಕ್ಕೆ ಹೆಚ್ಚು ತೂಕವಿತ್ತೋ ಅದು ದೊಡ್ಡದಾಗಿತ್ತು. ಲೋವೆನ್‌ಫೆಲ್ಡ್ ಇದನ್ನು ತಪ್ಪೆಂದು ತಿದ್ದಲಿಲ್ಲ. ಸ್ಪರ್ಶದಿಂದ, ಮೈಯ ಅರಿವಿನಿಂದ ಹುಟ್ಟುವ ಕಲೆಗೆ ತನ್ನದೇ ಕ್ರಮವಿದೆ ಎಂದು ವಾದಿಸಿದ. ಅಲ್ಪದೃಷ್ಟಿಯ ಮಕ್ಕಳಲ್ಲಿ ಕೆಲವರು ಇರುವಷ್ಟು ದೃಷ್ಟಿಯನ್ನೂ ಬಳಸದೆ ಕೈಯನ್ನೇ ನೆಚ್ಚಿಕೊಂಡದ್ದು ಅವನ ವಾದಕ್ಕೆ ಬಲ ಕೊಟ್ಟಿತು. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡಾಗ, ಯಹೂದಿಯಾಗಿದ್ದ ಅವನು ದೇಶ ಬಿಟ್ಟು ಅಮೆರಿಕ ಸೇರಿದ. 1947ರಲ್ಲಿ ಪ್ರಕಟವಾದ ಅವನ ‘ಕ್ರಿಯೇಟಿವ್ ಅಂಡ್ ಮೆಂಟಲ್ ಗ್ರೋತ್’ ಅಲ್ಲಿನ ಕಲಾಶಿಕ್ಷಕರ ಪಠ್ಯವಾಯಿತು. ಅಂಧ ಮಕ್ಕಳಿಂದ ಕಲಿತದ್ದು ಎಲ್ಲ ಮಕ್ಕಳ ತರಗತಿಗೂ ತಲುಪಿತು ಎಂಬುದು ಈ ಇತಿಹಾಸದ ಬಹುದೊಡ್ಡ ಸಂಗತಿ.

ಭಾರತದಲ್ಲಿ ನೆನೆಯಬೇಕಾದ ಹೆಸರು ಬಿನೋದ್ ಬಿಹಾರಿ ಮುಖರ್ಜಿ (1904–1980). ಹುಟ್ಟಿನಿಂದಲೇ ಒಂದು ಕಣ್ಣು ಕಾಣದೆ, ಇನ್ನೊಂದು ಮಂದವಾಗಿದ್ದ ಈ ಹುಡುಗನ ಓದು ಬೇರೆ ಶಾಲೆಗಳಲ್ಲಿ ಸಾಗಲಿಲ್ಲ. 1917ರಲ್ಲಿ ಶಾಂತಿನಿಕೇತನ ಅವನನ್ನು ಸೇರಿಸಿಕೊಂಡಿತು. ಎರಡು ವರ್ಷಗಳ ಬಳಿಕ ಅವನು ಅಲ್ಲಿನ ಕಲಾಭವನದಲ್ಲಿ ನಂದಲಾಲ್ ಬೋಸರ ಶಿಷ್ಯನಾದ. ಮುಂದೆ ಅಲ್ಲಿಯೇ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಮಹಾಚಿತ್ರ ರಚಿಸಿದವರು ಇವರೇ. 1950ರ ದಶಕದಲ್ಲಿ ದೃಷ್ಟಿ ಪೂರ್ತಿ ಹೋದ ಮೇಲೂ ಕಾಗದ ಕತ್ತರಿಸಿ ಅಂಟಿಸಿ ಕೃತಿ ರಚಿಸಿದರು. ಒಂದು ಶಾಲೆ ಬಾಗಿಲು ತೆರೆದದ್ದರಿಂದ ದೇಶಕ್ಕೆ ದೊರೆತದ್ದು ಇದು.

ಶಾಲೆಗಳ ಔದಾರ್ಯಕ್ಕೆ ಬಿಟ್ಟಿದ್ದ ಮಾತನ್ನು ಹಕ್ಕಾಗಿಸಿದ್ದು ಕಾನೂನು. ಅಮೆರಿಕದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ 1975ರ ಕಾಯಿದೆಯ ನಂತರ ಅಂಗವಿಕಲ ಮಕ್ಕಳು ಸಾಮಾನ್ಯ ಶಾಲೆಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದರು. ಭಾರತದಲ್ಲಿ 1974ರ ಸಮನ್ವಯ ಶಿಕ್ಷಣ ಯೋಜನೆ, 1995ರ ಅಂಗವಿಕಲರ ಕಾಯಿದೆ, 2009ರ ಶಿಕ್ಷಣ ಹಕ್ಕು ಕಾಯಿದೆ ಒಂದರ ಹಿಂದೊಂದು ಬಂದವು.

ತರಗತಿಯೊಳಗಿನ ಉಪಾಯಗಳು ದುಬಾರಿಯಲ್ಲ. ಹಿಡಿತ ಸಾಲದ ಕೈಗೆಂದು ಕುಂಚದ ಹಿಡಿಗೆ ಬಟ್ಟೆ ಅಥವಾ ಸ್ಪಂಜು ಸುತ್ತಿ ದಪ್ಪ ಮಾಡುತ್ತಾರೆ. ಕಾಗದ ಜಾರದಂತೆ ಮೇಜಿಗೆ ಅಂಟಿಸುತ್ತಾರೆ. ಕಾಣದ ಮಗುವಿಗೆ ದಾರವನ್ನು ಗೋಂದಿನಿಂದ ಅಂಟಿಸಿ ಉಬ್ಬುಗೆರೆ ಮಾಡಿಕೊಡುತ್ತಾರೆ. ಬಣ್ಣಕ್ಕೆ ಮರಳು ಬೆರೆಸಿದರೆ ಬೆರಳಿಗೆ ಅದರ ಗುರುತು ಸಿಗುತ್ತದೆ. ಕಿವಿ ಕೇಳದ ಮಗುವಿಗೆ ಶಿಕ್ಷಕರ ಮುಖ ಕಾಣಬೇಕು, ಕೆಲಸವನ್ನು ಮಾಡಿ ತೋರಿಸಬೇಕು. ಆಟಿಸಂ ಇರುವ ಮಗುವಿಗೆ ಮುಂದೇನು ಎಂಬುದನ್ನು ಚಿತ್ರಗಳ ಸಾಲಿನಲ್ಲಿ ಮೊದಲೇ ತಿಳಿಸಿದರೆ ನೆಮ್ಮದಿ. ಅಂಟು, ಮಣ್ಣು ಮುಟ್ಟಲು ಒಲ್ಲದಿದ್ದರೆ ಬಲವಂತ ಸಲ್ಲದು. ಇವೆಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ದೊಡ್ಡವರು ತಮ್ಮ ಕೈ ಹಿಂದೆಗೆಯುವುದು. ಪ್ರದರ್ಶನಕ್ಕೆ ಚೆಂದ ಕಾಣಲೆಂದು ಸಹಾಯಕರು ಚಿತ್ರ ಮುಗಿಸಿಕೊಟ್ಟರೆ ಅದು ಮಗುವಿನ ಚಿತ್ರವಲ್ಲ. ವಕ್ರವಾದರೂ ಗೆರೆ ಮಗುವಿನದೇ ಆಗಿರಬೇಕು.

ಕರ್ನಾಟಕದಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಸರ್ಕಾರಿ ಶಾಲೆಗೆ ಶತಮಾನ ಮೀರಿದ ಚರಿತ್ರೆಯಿದೆ. ಮೈಸೂರಿನ ಶಾಲೆ 1901ರಲ್ಲಿ ಆರಂಭವಾಯಿತು. ಈಗ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಸಾಮಾನ್ಯ ಶಾಲೆಗಳಿಗೂ ಮನೆಗಳಿಗೂ ಹೋಗಿ ನೆರವಾಗುತ್ತಾರೆ. ಆದರೆ ಕಿರಿಯ ತರಗತಿಗಳಲ್ಲಿ ಚಿತ್ರಕಲೆ ಬಹುಮಟ್ಟಿಗೆ ತರಗತಿ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಮೇಲೆ ಹೇಳಿದ ಉಪಾಯಗಳ ತರಬೇತಿ ಅವರಿಗೇ ಮೊದಲು ಸಿಗಬೇಕು. ಕಲೆಯ ಪಠ್ಯಕ್ರಮಗಳನ್ನು ಅಂಗವಿಕಲರೂ ಭಾಗವಹಿಸುವಂತೆ ಮರುರೂಪಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 29ನೆಯ ಕಲಮು ಹೇಳುತ್ತದೆ.